ಕೋಟಿಗೊಂದು ಕಂಡೀಷನ್ನು

ನಾನು ಮದುವೆಯಾಗಿ ಮೈಸೂರಿನ ಕುವೆಂಪುನಗರದ ಆ ಮನೆಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಬಂದ ಮೊದಲ ವಾರದಲ್ಲೇ ಆ ಮನೆಯಲ್ಲಿ ಯಾರು ಮೇಲು, ಯಾರು ಕೆಳಗೆ ಎನ್ನುವುದು ತಿಳಿದುಹೋಯಿತು. ಮೊದಲು ದೇವರ ಮನೆಯ ಲಿಂಗ, ಆಮೇಲೆ ನಾಯಿ, ಆಮೇಲೆ ನನ್ನ ಗಂಡ, ಅವರ ಹಿಂದೆ ಅವರ ಸ್ಕೂಟರು. ಸೊಸೆಗೆ ಎಷ್ಟನೆಯ ಜಾಗ ಎಂದು ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ.

ನಾಯಿ ಪೊಮೇರಿಯನ್ ಎಂದು ಅತ್ತೆ ಹೇಳುತ್ತಿದ್ದರು. ಆಗ ಕುವೆಂಪುನಗರದಲ್ಲಿ ಸೈಟು ಕೊಂಡು ಮನೆ ಕಟ್ಟಿದವರೆಲ್ಲ ಗೇಟಿಗೊಂದು ‘ನಾಯಿ ಇದೆ ಎಚ್ಚರಿಕೆ’ ಬೋರ್ಡು ಹಾಕಿಸುತ್ತಿದ್ದರು, ಆ ಬೋರ್ಡು ಸುಳ್ಳಾಗಬಾರದೆಂದು ಒಂದು ಪೊಮೇರಿಯನ್ ತರುತ್ತಿದ್ದರು. ನಮ್ಮದರ ತಾಯಿ ಪೊಮೇರಿಯನ್ ಇದ್ದರೂ ಇರಬಹುದು. ತಂದೆ ಯಾರೆಂದು ತಿಳಿಯಲು ಅದರ ಕಿವಿಯನ್ನೂ ಬಾಲವನ್ನೂ ಒಮ್ಮೆ ನೋಡಿ, ಬಸ್ ಸ್ಟಾಪಿನ ಬೇಕರಿ ಮುಂದೆ ಮಲಗುತ್ತಿದ್ದ ಕಂದು ನಾಯಿಯನ್ನು ಒಮ್ಮೆ ನೋಡಿದರೆ ಸಾಕಿತ್ತು. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ಅದೇ ಹೆಸರಿನ ಇನ್ನೂ ಮೂರು ನಾಯಿಗಳು ನಮ್ಮ ಬೀದಿಯಲ್ಲೇ ಇದ್ದುದರಿಂದ ಅದನ್ನು ಬರೆದೂ ಪ್ರಯೋಜನವಿಲ್ಲ. ಅತ್ತೆ ಅದನ್ನು ‘ಮಗಾ’ ಎಂದೇ ಕರೆಯುತ್ತಿದ್ದರು. ಹೆತ್ತ ಮಗನನ್ನು ಕರೆಯುತ್ತಿದ್ದದ್ದು ‘ಏನೋ’ ಎಂದು.

ಅತ್ತೆಯ ತವರಿನವರಿಗೆ ದೇವರಾಜ ಮೊಹಲ್ಲಾದಲ್ಲಿ ಎಣ್ಣೆ ಅಂಗಡಿ. ಎಣ್ಣೆ ಹಚ್ಚಿದರೆ ಹೋಗದ ಕಾಯಿಲೆಯಿಲ್ಲ, ವಿಭೂತಿ ಹಚ್ಚಿದರೆ ಹೋಗದ ಭಯವಿಲ್ಲ ಎಂಬ ಎರಡೇ ನಂಬಿಕೆಯಲ್ಲಿ ಅವರು ಅರುವತ್ತು ವರ್ಷ ಆರಾಮಾಗಿ ಕಳೆದಿದ್ದರು. ಗಂಡ ತೀರಿಕೊಂಡ ಮೇಲೆ ತಂದುಕೊಂಡ ನಾಯಿ ಅದು. ಪ್ರತಿ ಶನಿವಾರ ಅದಕ್ಕೆ ಎಣ್ಣೆನೀರು. ಮೊದಲು ಹರಳೆಣ್ಣೆ ತಿಕ್ಕಿ ಬಿಸಿಲಿಗೆ ಕೂರಿಸುವುದು, ಆಮೇಲೆ ಹಂಡೆಯ ಸುಡುನೀರು. ಸೀಗೆಪುಡಿಗೆ ಕೂದಲು ನಯವಾಗಲೆಂದು ಚಿಗರೆಪುಡಿ ಬೆರೆಸಿ ಉಜ್ಜುವುದು. ಕೊನೆಗೆ ಬಾಣಂತಿಗೆ ಹಾಕುವ ಹಾಗೆ ಸಾಂಬ್ರಾಣಿ ಹೊಗೆ. ನಾಯಿ ಹದಿನೈದು ಇಪ್ಪತ್ತು ಸಲ ಸೀನುತ್ತಿತ್ತು. ಅತ್ತೆ ಅದನ್ನು ಒಳ್ಳೆಯ ಶಕುನವೆಂದು ತಿಳಿದಿದ್ದರು. ಇಷ್ಟೆಲ್ಲ ಆದ ಮೇಲೆ ಅದರ ಹಣೆಗೆ ಮೂರು ಬೆರಳಿನ ವಿಭೂತಿ. ಅದು ಬಿಳಿಯ ನಾಯಿಯಾದ್ದರಿಂದ ವಿಭೂತಿ ಇದ್ದದ್ದು ಶಿವನಿಗೂ ಅತ್ತೆಗೂ ಮಾತ್ರ ಗೊತ್ತಾಗುತ್ತಿತ್ತು.

ಇಂಥ ಆರೈಕೆಗೆ ಯಾವ ಚರ್ಮ ತಡೆಯುತ್ತದೆ? ನಾಯಿ ತುರಿಸಿಕೊಳ್ಳತೊಡಗಿತು. ಹೊಟ್ಟೆ ಕೆಂಪಾಯಿತು, ಬೆನ್ನಿನ ಕೂದಲು ಅಲ್ಲಲ್ಲಿ ಉದುರಿತು. ಅತ್ತೆ ಉದುರಿದ ಜಾಗಕ್ಕೆಲ್ಲ ವಿಭೂತಿ ಒತ್ತಿದರು. ಆಮೇಲೆ ಆರೈಕೆ ಸಾಲದೆಂದು ಎಣ್ಣೆನೀರು ವಾರಕ್ಕೆ ಎರಡಾಯಿತು. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ನೋಡಿ, “ಕಜ್ಜಿ ಕಣ್ರೀ ಅದು, ಮನೆಯೊಳ್ಗೆ ಬುಟ್ಕೋಬೇಡಿ,” ಎಂದರು. ಅವರ ಪೊಮೇರಿಯನ್‌ಗೆ ಸರ್ಟಿಫಿಕೇಟು ಇತ್ತು. ‘ಕಜ್ಜಿ ನಾಯಿ’ ಎನ್ನುವುದು ನಮ್ಮಲ್ಲಿ ಬರೀ ಕಾಯಿಲೆಯ ಹೆಸರಲ್ಲ, ಬೈಗುಳ. ಅತ್ತೆ ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ.

ಮಾರನೆಯ ದಿನ ನಾನೂ ಅವರೂ ನಾಯಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಆಟೋದಲ್ಲಿ ದನದ ಆಸ್ಪತ್ರೆಗೆ ಹೋದೆವು. ನಮ್ಮ ಹಿಂದೆ ಒಂದು ಎಮ್ಮೆ ಕಾಯುತ್ತಿತ್ತು, ಡಾಕ್ಟರರಿಗೆ ಅವಸರ. ಹೊಟ್ಟೆಯ ಚರ್ಮವನ್ನು ಕೆರೆದು ಗಾಜಿನ ಮೇಲೆ ಇಟ್ಟು ನೋಡಿ ಬಂದು ಹೇಳಿದರು: “ಕಜ್ಜಿ ಅಲ್ಲಮ್ಮ ಇದು. ಇದರದ್ದು ಸೆನ್ಸಿಟಿವ್ ಸ್ಕಿನ್ನು. ಯಾರಿಗೂ ಅಂಟಲ್ಲ. ಕೋಟ್ ಕಂಡೀಷನ್ ಆಗ್ಬೇಕು ಅಷ್ಟೆ. ಕೋಟ್ ಚೆನ್ನಾಗಿದ್ರೆ ಚರ್ಮಕ್ಕೆ ರಕ್ಷಣೆ.” ಅಷ್ಟು ಹೇಳಿ ಎಮ್ಮೆಯ ಕಡೆ ತಿರುಗಿದರು.

ಅತ್ತೆ ಆಟೋದಲ್ಲಿ ಯೋಚನೆಗೆ ಬಿದ್ದರು. “ಕೋಟು ಬೇಕಂತೆ ಕಣಮ್ಮ. ಡಾಕ್ಟ್ರು ಕಂಡೀಷನ್ ಆಕ್ಬುಟ್ರು,” ಎಂದರು.

ಅವರ ತಪ್ಪೇನಿಲ್ಲ. ಕಂಡೀಷನ್ ಎಂಬ ಮಾತು ನಮ್ಮ ಮನೆಗಳಲ್ಲಿ ಬರುತ್ತಿದ್ದದ್ದು ಮದುವೆ ಮಾತುಕತೆಯಲ್ಲಿ, ಅದರ ಜೊತೆಗೇ ಕೋಟೂ ಬರುತ್ತಿತ್ತು. ನಮ್ಮ ಮದುವೆಯಲ್ಲಿ ಗಂಡಿನ ಕಡೆಯವರು ಹಾಕಿದ ಕಂಡೀಷನ್ ಅದೊಂದೇ: ವರನಿಗೆ ಒಂದು ಒಳ್ಳೆಯ ಕೋಟು. ಡಾಕ್ಟರರ ಮಾತಿನ ಅರ್ಥ ಬೇರೆ ಇರಬಹುದೆಂದು ಡಿಗ್ರಿ ಓದಿದ ನನಗೆ ಅನುಮಾನ ಬಂದಿತ್ತು. ಆದರೆ ಹೊಸ ಸೊಸೆಯ ಬಾಯಲ್ಲಿ ಅನುಮಾನ ಚೆನ್ನಾಗಿ ಕಾಣುವುದಿಲ್ಲ ಎಂದು ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ನನ್ನಷ್ಟು ಪಳಗಿದವರು ಆ ಬಡಾವಣೆಯಲ್ಲಿ ಯಾರೂ ಇರಲಿಲ್ಲ.

ಹೀಗಾಗಿ ನನ್ನ ಅಪ್ಪ ಹೊಲಿಸಿಕೊಟ್ಟ, ನನ್ನ ಗಂಡ ಆರತಕ್ಷತೆಯ ದಿನ ಒಂದು ಸಲ ತೊಟ್ಟು ನುಸಿಗುಳಿಗೆಯ ಜೊತೆ ಮಡಿಸಿಟ್ಟಿದ್ದ ಕಂದು ಬಣ್ಣದ ಉಣ್ಣೆ ಕೋಟು ಬೀರುವಿನಿಂದ ಹೊರಗೆ ಬಂತು. ಅತ್ತೆ ಕತ್ತರಿ ಹಿಡಿದು ತೋಳು ಕತ್ತರಿಸಿದರು, ನಾಲ್ಕು ಕಾಲಿಗೆ ಜಾಗ ಮಾಡಿದರು, ಗುಂಡಿಗಳನ್ನು ಬೆನ್ನಿನ ಮೇಲಕ್ಕೆ ಹಾಕಿದರು. ಆಗ ಏಪ್ರಿಲ್ ತಿಂಗಳು. ಮೈಸೂರಿನ ಬಿಸಿಲಿನಲ್ಲಿ ನಾಯಿ ಕೋಟು ತೊಟ್ಟು, ನಾಲಗೆ ಇಳಿಬಿಟ್ಟು, ನಿವೃತ್ತಿಯ ದಿನ ಹಾರ ಹಾಕಿಸಿಕೊಳ್ಳಲು ಕೂತ ಆಫೀಸರನ ಹಾಗೆ ವರಾಂಡದಲ್ಲಿ ಕೂತಿತ್ತು. ಸಂಜೆ ಆಫೀಸಿನಿಂದ ಬಂದ ನನ್ನ ಗಂಡ ಅದನ್ನು ಎರಡು ನಿಮಿಷ ನೋಡಿ, “ಇನ್ನೊಂದ್ಸಲ ಮದ್ವೆ ಆಗೋದಿಲ್ವಲ್ಲ, ಬುಡಮ್ಮ,” ಎಂದು ಒಳಗೆ ಹೋದರು.

ನಾಲ್ಕನೆಯ ದಿನಕ್ಕೆ ನಾಯಿಯ ಹೊಟ್ಟೆಯೆಲ್ಲ ಬೊಕ್ಕೆ. ಮತ್ತೆ ಆಸ್ಪತ್ರೆ. ಡಾಕ್ಟರರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. “ಕೋಟ್ ಅಂದ್ರೆ ಅದರ ಕೂದ್ಲು ಕಣಮ್ಮ. ಕಂಡೀಷನ್ ಮಾಡೋದು ಅಂದ್ರೆ ನಯ ಮಾಡೋದು.” ಆಮೇಲೆ ಪಾಪ, ಕೂರಿಸಿಕೊಂಡು ಹೇಳಿಕೊಟ್ಟರು. ಸೀಗೆ ಬೇಡ, ಸುಡುನೀರು ಬೇಡ, ಹೊಗೆ ಬೇಡವೇ ಬೇಡ. ಹದಿನೈದು ದಿನಕ್ಕೊಮ್ಮೆ ಉಗುರು ಬೆಚ್ಚಗಿನ ನೀರು, ನಾಯಿಗೆಂದೇ ಇರುವ ಶಾಂಪೂ, ನೊರೆ ಒಂದು ಚೂರೂ ಉಳಿಯದ ಹಾಗೆ ತೊಳೆಯುವುದು. ಆಮೇಲೆ ಕಂಡೀಷನರ್ ಹಚ್ಚಿ ಐದು ನಿಮಿಷ ಬಿಟ್ಟು ಅದನ್ನೂ ತೊಳೆಯುವುದು. ಟವೆಲಿನಿಂದ ಉಜ್ಜಬಾರದು, ಒತ್ತಬೇಕು. ದಿನಾ ಹಲ್ಲು ಅಗಲವಿರುವ ಬಾಚಣಿಗೆಯಲ್ಲಿ ಕೂದಲು ಬೆಳೆದ ದಿಕ್ಕಿಗೇ ಬಾಚಬೇಕು. ಅತ್ತೆ ಎಲ್ಲಕ್ಕೂ ತಲೆಯಾಡಿಸಿ ಕೊನೆಗೆ, “ವಿಭೂತಿನೂ ಬ್ಯಾಡ್ವಾ?” ಎಂದರು. “ಹಣೆಗೆ ಇಡಿ, ಹೊಟ್ಟೆಗೆ ಬೇಡ,” ಎಂದರು ಡಾಕ್ಟರರು. ಧರ್ಮವೂ ಉಳಿಯಿತು, ಚರ್ಮವೂ ಉಳಿಯಿತು.

ಎರಡು ತಿಂಗಳಲ್ಲಿ ನಾಯಿಯ ಕೂದಲು ಬಂತು. ಅದಕ್ಕಿಂತ ಬೇಗ ಅದಕ್ಕೆ ಮರ್ಯಾದೆ ಬಂತು. ಸೆನ್ಸಿಟಿವ್ ಸ್ಕಿನ್ ಎಂಬ ಎರಡು ಮಾತನ್ನು ಅತ್ತೆ ಹಾಲಿನವನಿಗೂ ಹೇಳಿದರು, ತರಕಾರಿಯವಳಿಗೂ ಹೇಳಿದರು, ಮಠಕ್ಕೆ ಹೋದಾಗ ಅಲ್ಲಿನ ಅಡುಗೆಯವರಿಗೂ ಹೇಳಿದರು. ಕಜ್ಜಿ ಎಂದರೆ ಬೀದಿಯ ಕಾಯಿಲೆ, ಸೆನ್ಸಿಟಿವ್ ಸ್ಕಿನ್ ಎಂದರೆ ಒಳ್ಳೆಯ ಮನೆತನದ ಗುರುತು. ತಿಂಗಳು ಕಳೆಯುವುದರೊಳಗೆ ಬೀದಿಯ ಅರ್ಧ ಹೆಂಗಸರಿಗೆ ಸೆನ್ಸಿಟಿವ್ ಸ್ಕಿನ್ ಬಂದುಬಿಟ್ಟಿತ್ತು. ಒಬ್ಬರಿಗೆ ಪಾತ್ರೆ ತೊಳೆಯಲು ಆಗದು, ಇನ್ನೊಬ್ಬರಿಗೆ ಬಿಸಿಲಿಗೆ ಹೋಗಲು ಆಗದು. ಪಕ್ಕದ ಮನೆಯಾಕೆ ತಮ್ಮ ಮಗಳಿಗೆ ಗಂಡು ನೋಡುವಾಗ, “ಹುಡ್ಗಿ ಬಹಳ ನಾಜೂಕು, ಸೆನ್ಸಿಟಿವ್ ಸ್ಕಿನ್ನು,” ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆ ಹುಡುಗಿ ದಿನಾ ಮಧ್ಯಾಹ್ನ ಬಿಸಿಲಿನಲ್ಲಿ ಶಟಲ್ ಆಡುತ್ತಿದ್ದಳು.

ನನಗೆ ಇದ್ದದ್ದು ಮಾತ್ರ ಇಸುಬು. ಅದಕ್ಕೆ ಇಂಗ್ಲಿಷ್ ಹೆಸರು ಯಾರೂ ಇಟ್ಟಿರಲಿಲ್ಲ. ಪಿಯುಸಿ ಓದುವಾಗಲೇ ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಕೆಂಪಗೆ ಏಳುತ್ತಿತ್ತು, ಒಣಗಿ ಬಿರಿಯುತ್ತಿತ್ತು, ಕೆಲವು ತಿಂಗಳು ಮಾಯವಾಗಿ ಮತ್ತೆ ಬರುತ್ತಿತ್ತು. ಹೆಣ್ಣು ನೋಡಲು ಬಂದ ದಿನ ನನ್ನ ಅಮ್ಮ ಎರಡು ಕೈಗೂ ಮೊಣಕೈಯವರೆಗೆ ಮೆಹಂದಿ ಬಳಿದಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಮ್ಮವರು ಹೇಳಿದ್ದು ಅದೊಂದೇ ಸುಳ್ಳು, ಅದನ್ನೂ ಬಾಯಲ್ಲಿ ಹೇಳಲಿಲ್ಲ, ಬಣ್ಣದಲ್ಲಿ ಹೇಳಿದರು. “ಅವರಾಗಿ ಕೇಳುದ್ರೆ ಹೇಳು, ಕೇಳ್ದೆ ನೀನಾಗಿ ಹೇಳ್ಬೇಡ,” ಎಂದು ಅಮ್ಮ ಮದುವೆಯ ಹಿಂದಿನ ದಿನ ಬುದ್ಧಿ ಹೇಳಿದ್ದರು. ಯಾರೂ ಕೇಳಲಿಲ್ಲ. ಒಂದು ವರ್ಷ ಕೈ ಕೂಡ ಸುಮ್ಮನಿತ್ತು.

ಎರಡನೆಯ ವರ್ಷದ ಚಳಿಗಾಲದಲ್ಲಿ ಎದ್ದಿತು. ಒಗೆಯುವ ಕಲ್ಲು, ತಣ್ಣೀರು, ಬಟ್ಟೆ ಸೋಪು ಎಲ್ಲ ಸೇರಿ ಎರಡು ಕೈಯನ್ನೂ ತಿಂದುಹಾಕಿದವು. ಬಳೆ ಹೆಚ್ಚು ಹಾಕಿದೆ, ಸೆರಗಿನಲ್ಲಿ ಕೈ ಸುತ್ತಿಕೊಂಡೆ. ಅದೇ ವಾರ ನಾಯಿಯೂ ಎರಡು ಮೂರು ಸಲ ಹೊಟ್ಟೆ ತುರಿಸಿಕೊಂಡಿತು. ಪಕ್ಕದ ಮನೆಯಾಕೆ ಅರಿಶಿನ ಕುಂಕುಮಕ್ಕೆ ಬಂದವರು ನಾನು ತಟ್ಟೆ ನೀಡುವಾಗ ಬೆರಳು ನೋಡಿಬಿಟ್ಟರು. ತಾಂಬೂಲ ತೆಗೆದುಕೊಳ್ಳದೆಯೇ ಅತ್ತೆಯ ಕಡೆ ತಿರುಗಿ, “ನಿಮ್ಮ ಸೊಸೆಗೆ ನಾಯೀದು ಅಂಟ್ಕೊಂಡ್ಬುಟ್ಟಿದೆ ಕಣ್ರೀ. ಬಸುರಿ ಹೆಂಗಸು ಬೇರೆ,” ಎಂದರು. ನನಗಾಗ ಮೂರು ತಿಂಗಳು.

ರಾತ್ರಿ ಊಟದ ಹೊತ್ತಿಗೆ ತೀರ್ಪು ಆಗಿಹೋಗಿತ್ತು. ನಾಯಿ ಹೋಗಬೇಕು ಎಂದರು ನನ್ನ ಗಂಡ. ಅತ್ತೆ, ಅಂಟುವುದಿಲ್ಲವೆಂದು ಡಾಕ್ಟರರೇ ಹೇಳಿದ್ದಾರಲ್ಲ ಎಂದರು. “ಅವರು ನಾಯಿ ಡಾಕ್ಟ್ರಮ್ಮ, ಇವಳ ಡಾಕ್ಟ್ರಲ್ಲ,” ಎಂದರು ಮಗ. ಹಾಗಾದರೆ ಇವಳನ್ನೇ ಚರ್ಮದ ಡಾಕ್ಟರಿಗೆ ತೋರಿಸೋಣ ಎಂದರು ಅತ್ತೆ. ಬೇಡ ಎಂದವಳು ನಾನು. ಚರ್ಮದ ಡಾಕ್ಟರು ಮೊದಲು ಕೇಳುವುದೇ ಎಷ್ಟು ವರ್ಷದಿಂದ ಇದೆ ಎಂದು. ಮನೆಮದ್ದಿನಲ್ಲೇ ಹೋಗುತ್ತದೆ ಬಿಡಿ ಎಂದು ದೊಡ್ಡ ಮನಸ್ಸು ಮಾಡಿದವಳ ಹಾಗೆ ಹೇಳಿದೆ.

ಮಾರನೆಯ ಬೆಳಿಗ್ಗೆ ನಾನು ಒಗೆಯುವ ಕಲ್ಲಿನ ಹತ್ತಿರ ಇದ್ದಾಗ ಅತ್ತೆ ಬಂದರು. ನಾಯಿಯನ್ನು ಬಾಚುತ್ತಿದ್ದವರು ಅರ್ಧಕ್ಕೇ ಎದ್ದು ಬಂದಿದ್ದರು, ಬಾಚಣಿಗೆ ಕೈಯಲ್ಲೇ ಇತ್ತು.

“ನೋಡಮ್ಮ, ಒಂದ್ಮಾತು ಕೇಳ್ತೀನಿ. ಇದು ಈ ಮನೆಗೆ ಬಂದ್ಮೇಲೇನೆ ಬಂದಿದ್ದಾ? ಮುಂಚೆ ಯಾವತ್ತೂ ಇರ್ಲಿಲ್ವಾ?”

ಅವರಾಗಿ ಕೇಳಿದ್ದರು. ಗದರಿಸಿ ಕೇಳಲಿಲ್ಲ, ಬೇಡಿಕೊಳ್ಳುವ ಹಾಗೆ ಕೇಳಿದರು. ಇತ್ತು ಎಂದು ಒಂದು ಮಾತು ಹೇಳಿದ್ದರೆ ನಾಯಿ ಉಳಿಯುತ್ತಿತ್ತು. ಆದರೆ ಆಮೇಲೆ ಮೆಹಂದಿಯ ವಿಷಯ ಬರುತ್ತಿತ್ತು, ಅಮ್ಮನ ವಿಷಯ ಬರುತ್ತಿತ್ತು, ಮೋಸ ಎಂಬ ಮಾತು ಬರುತ್ತಿತ್ತು. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರೆಂದು ತವರಿಗೆ ವಾಪಸು ಬಂದ ಒಬ್ಬಳು ನಮ್ಮ ಬಂಧುಗಳಲ್ಲೇ ಇದ್ದಳು. ನನಗೆ ಹೆದರಿಕೆಯಾಯಿತು.

“ಇರ್ಲಿಲ್ಲ ಅತ್ತೆ,” ಎಂದೆ.

ಅವರು ಹೋಗಿ ಬಾಚುವುದನ್ನು ಮುಗಿಸಿದರು. ಭಾನುವಾರ ನನ್ನ ಗಂಡ ನಾಯಿಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ದೇವರಾಜ ಮೊಹಲ್ಲಾಕ್ಕೆ, ಅತ್ತೆಯ ತಮ್ಮನ ಎಣ್ಣೆ ಅಂಗಡಿಗೆ ಬಿಟ್ಟುಬರಲು ಹೊರಟರು. ಅದು ಒಂದು ಸುತ್ತು ತಿರುಗಾಡಿಸಿಕೊಂಡು ಬರುತ್ತಾರೆಂದು ಖುಷಿಯಾಗಿತ್ತು. ಅತ್ತೆ ಒಂದು ಚೀಲದಲ್ಲಿ ಶಾಂಪೂ, ಕಂಡೀಷನರ್, ಬಾಚಣಿಗೆ, ಟವೆಲು ಎಲ್ಲ ಇಟ್ಟು, ಡಾಕ್ಟರರು ಹೇಳಿದ್ದನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು. ‘ಉಜ್ಜಬಾರದು, ಒತ್ತಬೇಕು’ ಎನ್ನುವುದರ ಕೆಳಗೆ ಎರಡು ಗೆರೆ ಎಳೆದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಚಿಕ್ಕಂದಿನಲ್ಲಿ ಓದಿ ನಗುತ್ತಿದ್ದೆ. ಆ ಎತ್ತು ಪಕ್ಕದಲ್ಲೇ ನಿಂತು ನೋಡುತ್ತಿತ್ತೆಂದು ಗಾದೆಯಲ್ಲಿ ಹೇಳಿಲ್ಲ.

ನಾಯಿ ಹೋದ ಮೇಲೆ ಮನೆ ಶುಚಿಯಾಯಿತು. ಫಿನಾಯಿಲ್ ಹಾಕಿ ವರಾಂಡ ತೊಳೆದೆವು, ಅದು ಮಲಗುತ್ತಿದ್ದ ಚಾಪೆ ಸುಟ್ಟೆವು, ಪಕ್ಕದ ಮನೆಯಾಕೆ ಮತ್ತೆ ತಾಂಬೂಲ ತೆಗೆದುಕೊಳ್ಳತೊಡಗಿದರು. ಎಲ್ಲ ಸರಿಹೋಯಿತು, ನನ್ನ ಕೈಯೊಂದನ್ನು ಬಿಟ್ಟು. ಒಂದು ತಿಂಗಳಾಯಿತು, ಎರಡು ತಿಂಗಳಾಯಿತು. ಎಲ್ಲ ದೇವರಿಗೂ ಹರಕೆ ಹೊತ್ತೆ. ಕದ್ದು ಮುಲಾಮು ತರಿಸಿ ಹಚ್ಚಿದೆ. ನಾಯಿ ಮೂರು ಮೈಲಿ ದೂರದಲ್ಲಿತ್ತು, ಇಸುಬು ಬೆರಳಿನಿಂದ ಮಣಿಕಟ್ಟಿಗೆ ಏರುತ್ತಿತ್ತು. ಅತ್ತೆ ಬೆಳಿಗ್ಗೆ ಬಾಚುವ ಹೊತ್ತಿಗೆ ವರಾಂಡಕ್ಕೆ ಬಂದು ಸ್ವಲ್ಪ ಹೊತ್ತು ನಿಂತು, ಏನೋ ಮರೆತವರ ಹಾಗೆ ಒಳಗೆ ಹೋಗುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು.

ಒಂದು ಮಧ್ಯಾಹ್ನ ಕಿಟಕಿಯ ಹತ್ತಿರ ಕೂರಿಸಿಕೊಂಡು, “ಕೈ ಕೊಡು,” ಎಂದರು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದಿದ್ದರು. ಒಂದೊಂದೇ ಬೆರಳು ಬಿಡಿಸಿ, ಉಜ್ಜದೆ, ಒತ್ತಿ ಒತ್ತಿ ಹಚ್ಚಿದರು. ನಾಯಿಯ ಮೇಲೆ ಕಲಿತ ಕೆಲಸ ಅದು. ಐದನೆಯ ಬೆರಳಿಗೆ ಬರುವಷ್ಟರಲ್ಲಿ ನನ್ನ ಕೈಯಲ್ಲಿ ತಡೆಯಲಾಗಲಿಲ್ಲ.

“ಅತ್ತೆ, ಇದು ಮೊದ್ಲಿಂದ್ಲೂ ಇತ್ತು. ಮದ್ವೆಗೂ ಮುಂಚೆ.”

ಅವರು ಹಚ್ಚುವುದನ್ನು ನಿಲ್ಲಿಸಲಿಲ್ಲ. “ಗೊತ್ತಾಯ್ತು ಬುಡು,” ಎಂದರು. “ನಾಯಿ ಓಗಿ ಎಲ್ಡು ತಿಂಗ್ಳು ಮೇಲಾಯ್ತಲ್ಲ.” ಆ ಕೈ ಮುಗಿಸಿ ಇನ್ನೊಂದು ಕೈಯನ್ನು ತೆಗೆದುಕೊಂಡರು. “ನಾಳೆ ಓಗಿ ಕರ್ಕೊಂಡ್ಬರಾಣ.”

ಮಾರನೆಯ ದಿನ ಇಬ್ಬರೂ ಆಟೋದಲ್ಲಿ ದೇವರಾಜ ಮೊಹಲ್ಲಾಕ್ಕೆ ಹೋದೆವು. ಅಂಗಡಿಯ ಕಡಲೆಕಾಯಿ ಹಿಂಡಿಯ ಮೂಟೆಯ ಮೇಲೆ ನಮ್ಮ ನಾಯಿ ಮಲಗಿತ್ತು. ನನಗೆ ಗುರುತು ಸಿಗಲಿಲ್ಲ. ಮೈತುಂಬಿಕೊಂಡಿತ್ತು, ಕೂದಲು ಫಳಫಳ ಹೊಳೆಯುತ್ತಿತ್ತು. ಅತ್ತೆ ಕಳಿಸಿದ್ದ ಶಾಂಪೂ, ಕಂಡೀಷನರ್ ಬಾಟಲಿಗಳು ಗೂಡಿನಲ್ಲಿ ಕ್ಯಾಲೆಂಡರಿನ ಕೆಳಗೆ ಮುಚ್ಚಳ ಕೂಡ ತೆಗೆಯದೆ ಕೂತಿದ್ದವು. ಸೀಗೆ, ಹೊಗೆ, ಕೋಟು ಮೊದಲೇ ಹೋಗಿದ್ದವು; ಇಲ್ಲಿ ಶಾಂಪೂವೂ ಇಲ್ಲ, ಯಾರ ಪ್ರೀತಿಯ ಕಾಟವೂ ಇಲ್ಲ. ಅದರ ಚರ್ಮಕ್ಕೆ ಬೇಕಾಗಿದ್ದದ್ದು ಬಹುಶಃ ಅಷ್ಟೇ.

“ಒಂದಿನಾನೂ ಕೆರ್ಕೊಂಡಿಲ್ಲ ಇದು,” ಎಂದರು ಅತ್ತೆಯ ತಮ್ಮ. “ಯಾರಕ್ಕ ಇದ್ಕೆ ಕಜ್ಜಿ ಅಂದೋರು? ಮನೆಯೋರ್ಗೆಲ್ಲ ಅಂಟುಸ್ತು ಅಂತ ಎಂಗೆ ಏಳುದ್ರು?”

ನಾನು ನೆಲ ನೋಡಿದೆ. ಅತ್ತೆ ಹೇಳಬಹುದಿತ್ತು. ಹೇಳಿದ್ದರೆ ನ್ಯಾಯವಾಗಿಯೇ ಇರುತ್ತಿತ್ತು.

“ಪಕ್ಕದ್ಮನೆಯೋಳು,” ಎಂದರು ಅತ್ತೆ. “ಅವಳ ಮಾತ ಕೇಳಿ ನಾವು ಕೆಟ್ವು.”

ನಾಯಿ ಅತ್ತೆಯನ್ನು ಮರೆತಿರಲಿಲ್ಲ. ಕಾಲಿಗೆ ಬಿದ್ದು ಹೊರಳಿತು, ಸೀರೆಯ ನೆರಿಗೆಯೊಳಗೆ ಮೂತಿ ತೂರಿಸಿತು, ಕುಂಯ್ಗುಟ್ಟಿತು. ಅತ್ತೆ ಅಲ್ಲೇ ಮೂಟೆಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತು, ಬೆರಳುಗಳಿಂದಲೇ ಅದರ ಬೆನ್ನು ಬಾಚಿದರು. ಅದನ್ನು ಎತ್ತಿಕೊಂಡು ಆಟೋದೊಳಗೆ ಇಟ್ಟದ್ದೇ ತಡ, ಕೆಳಕ್ಕೆ ಹಾರಿತು. ಎರಡನೆಯ ಸಲ ಎತ್ತಿಟ್ಟರು, ಮತ್ತೆ ಹಾರಿತು. ಮೂರನೆಯ ಸಲ ಅತ್ತೆ ತಾವೇ ಒಳಗೆ ಕೂತು ತೊಡೆ ತಟ್ಟಿ ‘ಬಾ ಮಗಾ’ ಎಂದು ಕರೆದರು. ಅದು ಬಾಲ ಅಲ್ಲಾಡಿಸುತ್ತ ರಸ್ತೆಯಲ್ಲಿ ನಿಂತು ಅವರನ್ನೇ ನೋಡಿತು, ಹತ್ತಿರ ಬರಲಿಲ್ಲ. ಹತ್ತಿಸಿಕೊಂಡು ಹೋಗುವವರು ಎಲ್ಲೋ ಬಿಟ್ಟುಬರುತ್ತಾರೆ ಎನ್ನುವುದು ಅದಕ್ಕೆ ಗೊತ್ತಾಗಿಬಿಟ್ಟಿತ್ತು. ಆಮೇಲೆ ಹಿಂದಕ್ಕೆ ಹೋಗಿ ಹಿಂಡಿಯ ಮೂಟೆ ಹತ್ತಿ ಕೂತಿತು.

“ಇಲ್ಲೇ ಇರ್ಲಿ ಬುಡಕ್ಕ,” ಎಂದರು ತಮ್ಮ. “ಆಗಾಗ ಬಂದು ನೋಡ್ಕೊಂಡೋಗು.”

ಆಟೋ ಹೊರಟಿತು. ನಾನು ಅಳುತ್ತಿದ್ದೆ. ಅತ್ತೆ ಸಮಾಧಾನ ಮಾಡಲಿಲ್ಲ. ಬಸ್ಸು, ಸೈಕಲ್ಲುಗಳ ನಡುವೆ ಆಟೋ ನಿಂತು ನಿಂತು ಹೋಗುತ್ತಿತ್ತು. ಮನೆ ಹತ್ತಿರ ಬಂದ ಮೇಲೆ, ಹೊರಗೆ ನೋಡುತ್ತಲೇ ಕೇಳಿದರು:

“ಅವತ್ತು ಕಲ್ಲತ್ರ ಕೇಳ್ದಾಗ ಇತ್ತು ಅಂದಿದ್ರೆ, ನಿನ್ನ ತವರಿಗೆ ಕಳಿಸ್ಬುಡ್ತೀನಿ ಅಂದ್ಕೊಂಡಿದ್ಯಾ?”

“ಹೂಂ,” ಎಂದೆ.

ಅವರು ಸೆರಗಿಗೆ ಅಂಟಿದ್ದ ನಾಯಿಯ ಕೂದಲೊಂದನ್ನು ಬಿಡಿಸಿಕೊಂಡರು.

“ನಾಯಿ ಕಳ್ಸಕ್ಕೇ ನಂಗೆ ಮನ್ಸಿರ್ಲಿಲ್ಲ ಕಣಮ್ಮ,” ಎಂದರು. “ನಿನ್ನ ಎಂಗೆ ಕಳಿಸ್ತಿದ್ದೆ?”